ಒಂದು ಇನ್ವರ್ಟರು, ಆರು ಒಬ್ಬೆ ದೋಸೆ ಹಿಟ್ಟು

ಚೌಕಾಸಿ ಮಾಡಲು ಹೊರಟಾಗಲೆಲ್ಲ ನಮ್ಮಿಬ್ಬರಿಗೆ ಏನಾದರೊಂದು ಆಗಿಯೇ ತೀರುತ್ತದೆ. ಬೇರೆಯವರು ಅಂಗಡಿಗೆ ಹೋಗುತ್ತಾರೆ, ಸಾಮಾನು ತರುತ್ತಾರೆ. ನಾವು ಹೋದರೆ ಸಾಮಾನು ಅಂಗಡಿಯಲ್ಲೇ ಉಳಿಯುತ್ತದೆ, ಕಥೆ ಮಾತ್ರ ಮನೆಗೆ ಬರುತ್ತದೆ. ಈಗ ಹೇಳುವುದು ಕಳೆದ ಜೂನ್ ತಿಂಗಳ ಒಂದೇ ಒಂದು ವಾರದ ಕಥೆ. ನಗುವವರು ಧಾರಾಳವಾಗಿ ನಗಿ, ನನಗೇನೂ ಬೇಜಾರಿಲ್ಲ.

ದಿಲ್ಲಿಯ ರೋಹಿಣಿ ಬಡಾವಣೆಯ ನಮ್ಮ ಮನೆಯಲ್ಲಿ ನಾನು ದೋಸೆ ಹಿಟ್ಟು ಅರೆದು ಮಾರುತ್ತೇನೆ. ಹತ್ತು ಮನೆಯಿಂದ ಶುರುವಾದದ್ದು ಈಗ ಮೂವತ್ತಕ್ಕೆ ಬಂದಿದೆ. ಆ ಭಾನುವಾರ ನಮ್ಮ ಕಡೆಯವರ ಸಂಘದಿಂದ ಮೊಟ್ಟಮೊದಲ ದೊಡ್ಡ ಆರ್ಡರ್ ಬಂತು. ಮುಂದಿನ ಭಾನುವಾರ ಬೆಳಿಗ್ಗೆ ನೂರೈವತ್ತು ಜನರ ಮಸಾಲೆ ದೋಸೆಗೆ ಹಿಟ್ಟು ಬೇಕು. ಅದರ ಬೆನ್ನಿಗೇ ಸಂಘದ ಕಾರ್ಯದರ್ಶಿಯ ಹೆಂಡತಿಯ ಫೋನೂ ಬಂತು.

"ಕರೆಂಟು ಗಿರೆಂಟು ಅಂತ ಕೊನೇ ಗಳಿಗೇಲಿ ಕೈ ಕೊಡಬೇಡ್ರಮ್ಮಾ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಪ್ಯಾಕೆಟ್ ಹಿಟ್ಟು ತರಿಸ್ಕೊತೀವಿ."

ಪ್ಯಾಕೆಟ್ ಹಿಟ್ಟಂತೆ! ಮೈಯೆಲ್ಲ ಉರಿದುಹೋಯಿತು. ಫೋನಿಟ್ಟವಳೇ ನಮ್ಮನೆಯವರಿಗೆ ಹೇಳಿದೆ, "ರೀ, ಶನಿವಾರದೊಳಗೆ ಈ ಮನೆಗೆ ಇನ್ವರ್ಟರ್ ಬರಬೇಕು. ಹಿಟ್ಟು ಅರೆಯೋವಾಗ ಕರೆಂಟು ಹೋಗಿ ನನ್ನ ಮರ್ಯಾದೆ ಹೋಗಬಾರದು."

"ಬರುತ್ತೆ ಬಿಡೇ. ಖರೀದಿ ಮಾಡೋದು ನನಗೆ ಹೇಳಿಕೊಡ್ತೀಯಾ?" ಅಂದರು. ಅಲ್ಲಿಂದ ಶುರುವಾಯಿತು.

ಮೂರು ಲಕೋಟೆ

ನಮ್ಮನೆಯವರು ಕೇಂದ್ರ ಸರ್ಕಾರದ ಕಚೇರಿಯೊಂದರ ಖರೀದಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ. ಮೂರು ಕೊಟೇಶನ್ ಇಲ್ಲದೆ ಒಂದು ಪೊರಕೆಯನ್ನೂ ಕೊಂಡವರಲ್ಲ. ಇದು ಕಚೇರಿಯಲ್ಲಷ್ಟೇ ಅಂತ ನಾನು ತಿಳಿದಿದ್ದೆ, ಅದು ನನ್ನ ತಪ್ಪು.

ಸೋಮವಾರ ಸಂಜೆ ನಮ್ಮ ಸೆಕ್ಟರ್ ಮಾರ್ಕೆಟ್ಟಿನ ಇನ್ವರ್ಟರ್ ಅಂಗಡಿಗೆ ಹೋದೆವು. ಅಂಗಡಿಯವರನ್ನು ಎಲ್ಲರೂ ಲಾಲಾಜಿ ಅನ್ನುತ್ತಾರೆ, ನಾವೂ ಹಾಗೇ ಅಂದೆವು. ಎರಡು ಬ್ಯಾಟರಿಯ ಇನ್ವರ್ಟರ್ ಒಂದನ್ನು ತೋರಿಸಿ ಲಾಲಾಜಿ ರೇಟ್ ಹೇಳಲು ಬಾಯಿ ತೆಗೆದರೋ ಇಲ್ಲವೋ, ನಮ್ಮನೆಯವರು ಕೈ ಅಡ್ಡ ಹಿಡಿದರು.

"ಬಾಯಲ್ಲಿ ಹೇಳಬೇಡಿ. ಬರೆದು, ಲಕೋಟೆಗೆ ಹಾಕಿ, ಅಂಟಿಸಿ ಕೊಡಿ. ಇನ್ನೂ ಎರಡು ಅಂಗಡಿಯಿಂದ ತಗೊಂಡು ಮನೇಲಿ ಒಟ್ಟಿಗೆ ತೆರೀತೀನಿ."

ಲಾಲಾಜಿ ಒಂದು ಗಳಿಗೆ ಇವರ ಮುಖ ನೋಡಿದರು. ಆಮೇಲೆ ಬಹಳ ವಿನಯದಿಂದ, "ಸರ್‌ಜಿ, ಈ ಬಿಸಿಲಲ್ಲಿ ನೀವೇಕೆ ಅಲೆಯುತ್ತೀರಿ? ಮೂರನ್ನೂ ನಾನೇ ಕೊಡ್ತೀನಿ" ಅಂದರು. ಡ್ರಾಯರ್ ಎಳೆದು ಬೇರೆ ಬೇರೆ ಮೂರು ಅಂಗಡಿಗಳ ಲೆಟರ್‌ಹೆಡ್ ತೆಗೆದರು. ನಾನು ತಲೆ ಚಚ್ಚಿಕೊಂಡೆ.

ಮನೆಗೆ ಬಂದು ಇವರು ಊಟದ ಮೇಜಿನ ಮೇಲೆ ಲಕೋಟೆಗಳನ್ನು ಸಾಲಾಗಿ ಇಟ್ಟರು. ನನ್ನನ್ನು ಸಾಕ್ಷಿ ಅಂತ ಎದುರಿಗೆ ಕೂರಿಸಿದರು. ಒಂದೊಂದೇ ತೆರೆದು ರೇಟ್ ಓದಿ, ಪಕ್ಕದಲ್ಲಿ ನನ್ನ ಸಹಿ ಬೇರೆ ಹಾಕಿಸಿಕೊಂಡರು. ಮೂರು ಕಾಗದದ ಮೇಲೂ ಒಂದೇ ಅಕ್ಷರ, ಒಂದೇ ಶಾಯಿ. ಮೂರರ ಮೂಲೆಯಲ್ಲೂ ಒಂದೇ ಚಹಾ ಲೋಟದ ಗುಂಡನೆಯ ಗುರುತು.

"ರೀ, ಕಣ್ಣು ಕಾಣಲ್ವಾ? ಮೂರನ್ನೂ ಒಬ್ಬರೇ ಬರೆದಿದ್ದಾರೆ!"

"ಅದು ನನಗೂ ಗೊತ್ತು ಕಣೇ," ಅಂದರು ನೆಮ್ಮದಿಯಾಗಿ. "ಆದ್ರೆ ಮೂರಿವೆ ತಾನೇ?"

ಎದ್ದು ಹೋಗುವ ವಿದ್ಯೆ

ಇನ್ನು ಇವರನ್ನು ನೆಚ್ಚಿಕೊಂಡರೆ ಪ್ಯಾಕೆಟ್ ಹಿಟ್ಟೇ ಗತಿ ಅಂತ ಬುಧವಾರ ನಾನೇ ಮುಂದೆ ನಿಂತೆ. ದಿಲ್ಲಿಯಲ್ಲಿ ಇಪ್ಪತ್ತು ವರ್ಷ ತರಕಾರಿ ಕೊಂಡವಳು ನಾನು. ಇಲ್ಲಿ ಚೌಕಾಸಿಯ ಜೀವಾಳ ಎದ್ದು ಹೋಗುವುದರಲ್ಲಿದೆ. "ರೆಹನೇ ದೋ ಭಯ್ಯಾ", ಬೇಡ ಬಿಡಪ್ಪಾ, ಅಂತ ಮುಖ ತಿರುಗಿಸಿ ಹೊರಟರೆ, ನಾಲ್ಕನೇ ಹೆಜ್ಜೆಗೆ ಹಿಂದಿನಿಂದ ಕೂಗು ಬರುತ್ತದೆ. ಮೂರನೆಯದಕ್ಕೆ ಬಂದರೆ ಇನ್ನೂ ಇಳಿಸಬಹುದು ಅಂತ ಅರ್ಥ.

ಲಾಲಾಜಿ ಹೇಳಿದ ರೇಟಿಗಿಂತ ಎರಡು ಸಾವಿರ ಕಡಿಮೆ ಕೇಳಿದೆ. ಅವರು ನಕ್ಕು, ಚಹಾ ತರಿಸಿದರು. ಅರ್ಧ ಗಂಟೆ ಹಗ್ಗ ಜಗ್ಗಾಡಿದೆವು, ಅವರು ಇನ್ನೂರು ರೂಪಾಯಿಗಿಂತ ಹೆಚ್ಚು ಇಳಿಸಲಿಲ್ಲ. ಸರಿ, ಇದೇ ಸಮಯ ಅಂತ ಬ್ಯಾಗು ಹೆಗಲಿಗೇರಿಸಿದೆ. "ರೆಹನೇ ದೋ!" ಅಂದು ಹೊರಟೇಬಿಟ್ಟೆ.

ಒಂದು, ಎರಡು, ಮೂರು, ನಾಲ್ಕು. ಕೂಗಿಲ್ಲ. ಐದು, ಆರು. ಪಕ್ಕದ ಔಷಧಿ ಅಂಗಡಿ ದಾಟಿದೆ. ಅದರಾಚೆ ಚಪ್ಪಲಿ ಅಂಗಡಿ ಬಂತು, ಮುಂದೆ ಹಾಲಿನ ಬೂತೂ ಬಂತು. ಮೈಸುಡುವ ಲೂ ಗಾಳಿಯಲ್ಲಿ ನಿಂತು ಅರ್ಧ ಲೀಟರ್ ಮೊಸರು ಕೊಂಡೆ, ಏನಾದರೂ ಮಾಡಬೇಕಲ್ಲ. ಹತ್ತು ನಿಮಿಷ ಕಾದರೂ ಒಂದು ನರಪಿಳ್ಳೆಯೂ ಕರೆಯಲಿಲ್ಲ.

ನಾಚಿಕೆ ಬಿಟ್ಟು ವಾಪಸು ಬಂದು ನೋಡುತ್ತೇನೆ, ನಮ್ಮನೆಯವರು ಕಾಲ ಮೇಲೆ ಕಾಲು ಹಾಕಿಕೊಂಡು ಲಾಲಾಜಿಯ ಜೊತೆ ಬಿಸ್ಕತ್ತು ತಿನ್ನುತ್ತಿದ್ದಾರೆ!

"ಬನ್ನಿ ಬೆಹನ್‌ಜಿ," ಅಂದರು ಲಾಲಾಜಿ. "ನಿಮ್ಮ ಯಜಮಾನರು ಇಲ್ಲೇ ಇದ್ದಾರಲ್ಲ, ನಿಮ್ಮನ್ನು ಕೂಗೋದು ಯಾಕೆ ಅಂತ ಸುಮ್ಮನಿದ್ದೆ."

ಹೊರಗೆ ಬಂದ ಮೇಲೆ ಇವರ ಮೇಲೆ ಹರಿಹಾಯ್ದೆ. "ನಾನು ಎದ್ದಾಗ ನೀವೂ ಏಳಬೇಕು ಅಂತ ಗೊತ್ತಾಗಲ್ವೇನ್ರೀ?"

"ಎದ್ದೆ ಕಣೇ. ಅಷ್ಟರಲ್ಲಿ ಎರಡನೇ ಚಹಾ ಬಂತು."

ಆಂಟೀಜೀಯ ತುಳಸಿ

ಹಳೇ ಬ್ಯಾಟರಿ ಕೊಟ್ಟರೆ ಹೊಸದರ ಬೆಲೆಯಲ್ಲಿ ಸಾವಿರದ ಇನ್ನೂರು ಕಳೆಯುತ್ತೇನೆ ಅಂತ ಲಾಲಾಜಿ ಹೇಳಿದ್ದರು. ನಮ್ಮ ಹತ್ತಿರ ಹಳೇ ಬ್ಯಾಟರಿ ಎಲ್ಲಿಂದ ಬರಬೇಕು? ಗುರುವಾರ ಬೆಳಿಗ್ಗೆ ಬಟ್ಟೆ ಒಣಗಿಸುವಾಗ ಎದುರು ಮನೆಯ ಪಂಜಾಬಿ ಆಂಟೀಜೀಯ ಬಾಲ್ಕನಿ ಕಣ್ಣಿಗೆ ಬಿತ್ತು. ಅಲ್ಲಿ ಒಂದು ಸತ್ತ ಬ್ಯಾಟರಿ, ಅದರ ಮೇಲೆ ತುಳಸಿ ಕುಂಡ. ಐದಾರು ವರ್ಷದಿಂದ ಅದು ಹಾಗೇ ಕೂತಿದೆ.

ಹೋಗಿ ಬಹಳ ಸಲೀಸಾಗಿ ಕೇಳಿದೆ, "ಆಂಟೀಜೀ, ಆ ಹಳೇ ಬ್ಯಾಟರಿ ಸುಮ್ಮನೆ ಜಾಗ ತಿಂತಿದೆಯಲ್ಲ, ನಾನು ತಗೊಂಡು ಹೋಗ್ಲಾ?"

ಆಂಟೀಜೀ ನನ್ನನ್ನು ಕೂರಿಸಿದರು, ಲಸ್ಸಿ ಕೊಟ್ಟರು. ಆಮೇಲೆ ಬ್ಯಾಟರಿಯನ್ನೊಮ್ಮೆ ಸೆರಗಿನಿಂದ ಒರೆಸಿದರು. ಆ ಒರೆಸುವ ರೀತಿ ನೋಡಿಯೇ ಇದು ಪುಕ್ಕಟೆ ಸಿಗುವ ಮಾಲಲ್ಲ ಅಂತ ಗೊತ್ತಾಯಿತು.

"ಬೇಟಾ, ನಿನ್ನ ಅಂಕಲ್ ಇದನ್ನ ಎಷ್ಟು ಆಸೆಯಿಂದ ತಂದಿದ್ದರು! ನೀನು ಮಗಳ ಹಾಗೆ, ನಿನ್ನ ಹತ್ತಿರ ಹೆಚ್ಚು ತಗೊಳ್ತೀನಾ? ಸಾವಿರದ ಐನೂರು ಕೊಡು ಸಾಕು."

"ಆಂಟೀಜೀ, ಅಂಗಡಿಯವರೇ ಇದಕ್ಕೆ ಸಾವಿರದ ಇನ್ನೂರು ಕೊಡೋದು!"

"ಹಾಗಾದ್ರೆ ಆ ಅಂಗಡಿ ಸರಿಯಿಲ್ಲ, ಬೇರೆ ಕಡೆ ಹೋಗು."

ಒಂದು ಗಂಟೆ ಕೂತು ಗೋಗರೆದರೂ ಆಯಮ್ಮ ಜಗ್ಗಲಿಲ್ಲ. ಕೊನೆಗೆ ನಾನು ಬ್ಯಾಟರಿಯನ್ನು ಬಿಟ್ಟು, ತುಳಸಿಯ ಒಂದು ಸಸಿಯನ್ನು ಐವತ್ತು ರೂಪಾಯಿಗೆ ಕೊಂಡು ಮನೆಗೆ ಬಂದೆ. ಹೇಗೆ ಕೊಂಡೆ ಅಂತ ಇವತ್ತಿಗೂ ನನಗೆ ತಿಳಿಯದು.

ಮಗಳ ಮೊಬೈಲು

ಶುಕ್ರವಾರ ಕಾಲೇಜಿಗೆ ಹೋಗುವ ನನ್ನ ಮಗಳು ಅಖಾಡಕ್ಕಿಳಿದಳು. "ಅಮ್ಮಾ, ನೀವಿಬ್ಬರೂ ನಾ, ತುಂಬಾ ಓಲ್ಡ್ ಫ್ಯಾಷನ್. ಆನ್‌ಲೈನ್ ರೇಟ್ ದಿಖಾ ದೋ, ಬಸ್!" ಅಂದಳು. ಅಂಗಡಿಗೆ ಬಂದು ಮೊಬೈಲನ್ನು ಲಾಲಾಜಿಯ ಮೂಗಿನ ಹತ್ತಿರ ಹಿಡಿದಳು. ಅದೇ ಇನ್ವರ್ಟರ್, ಅದೇ ಬ್ಯಾಟರಿ, ಮೂರು ಸಾವಿರ ಕಡಿಮೆ.

ಲಾಲಾಜಿ ಕನ್ನಡಕ ಏರಿಸಿ, ನಿಧಾನವಾಗಿ ಓದಿದರು.

"ಬೇಟಾ, ಇದು ನಿಜವೇ?"

"ಹಂಡ್ರೆಡ್ ಪರ್ಸೆಂಟ್, ಅಂಕಲ್."

"ಹಾಗಾದ್ರೆ ನನಗೂ ಹತ್ತು ತರಿಸಿಕೊಡು. ನನಗೆ ಕಂಪನಿಯವರೇ ಇದಕ್ಕಿಂತ ಜಾಸ್ತಿಗೆ ಕೊಡ್ತಾರೆ."

ಮಗಳು ಮೊಬೈಲನ್ನು ಬ್ಯಾಗಿಗೆ ಸೇರಿಸಿದಳು. ಆನ್‌ಲೈನಿನವರು ತಲುಪಿಸುವುದೂ ಮುಂದಿನ ಬುಧವಾರವೇ. ನಾನು ಬಿಡದೆ ಮತ್ತೆ ಎರಡು ಸಾವಿರದ ಮಾತೆತ್ತಿದೆ. ಲಾಲಾಜಿಗೂ ಸಾಕಾಗಿತ್ತೋ ಏನೋ, ಹೊಸ ರಾಗ ತೆಗೆದರು. "ಬೆಹನ್‌ಜಿ, ಕಲ್ಲು ತಿರುಗಿಸೋ ಮೆಷಿನ್ ಅಂತೀರಿ. ಅದಕ್ಕೆ ಈ ಎರಡು ಬ್ಯಾಟರಿ ಎಲ್ಲಿ ಸಾಲುತ್ತೆ? ನಾಲ್ಕು ಬ್ಯಾಟರಿಯದು ತಗೊಳ್ಳಿ."

"ನನ್ನ ಗ್ರೈಂಡರ್ ನಿಮಗೇನು ಗೊತ್ತು? ಇದರಲ್ಲೇ ಓಡುತ್ತೆ!"

"ಓಡಿದರೆ ನಿಮ್ಮ ರೇಟಿಗೇ ಕೊಡ್ತೀನಿ, ಚಲೋ! ತಂದು ಓಡಿಸಿ ತೋರಿಸಿ."

ನಲವತ್ತು ಕಿಲೋ ಕಲ್ಲನ್ನು ಯಾರು ಹೊತ್ತು ತರುತ್ತಾರೆ ಅನ್ನುವ ಧೈರ್ಯ ಪಾಪ ಅವರಿಗೆ.

ಟ್ರಯಲ್

ಶನಿವಾರ ಬೆಳಿಗ್ಗೆ ಹನ್ನೆರಡು ಕಿಲೋ ಅಕ್ಕಿ, ಅದಕ್ಕೆ ತಕ್ಕ ಉದ್ದು, ಮೆಂತ್ಯ ಎಲ್ಲ ನೆನೆದು ಉಬ್ಬಿ ಕೂತಿದ್ದವು. ಸರಿಯಾಗಿ ಒಂಬತ್ತು ಗಂಟೆಗೆ ಬೀದಿಯ ಕೊನೆಯಲ್ಲಿ ಢಮ್ ಅಂತ ಸದ್ದಾಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ಲೈನ್‌ಮ್ಯಾನನ್ನು ಕೇಳಿದರೆ, ನಾಳೆಯವರೆಗೆ ಆಸೆ ಇಟ್ಟುಕೊಳ್ಳಬೇಡಿ ಅಂದ.

ನೂರೈವತ್ತು ಜನ ತಟ್ಟೆ ಹಿಡಿದು ನಿಂತಂತೆ, ಕಾರ್ಯದರ್ಶಿಯ ಹೆಂಡತಿ ಪ್ಯಾಕೆಟ್ ಕತ್ತರಿಸುತ್ತಿದ್ದಂತೆ ಕಣ್ಣಿಗೆ ಕಟ್ಟಿತು. ಅಳು ಬಂದುಬಿಟ್ಟಿತು, ಸುಳ್ಳು ಹೇಳುವುದಿಲ್ಲ. ಆಗ ನಮ್ಮನೆಯವರು ಗ್ರೈಂಡರನ್ನೇ ನೋಡುತ್ತಾ, "ತಂದು ಓಡಿಸಿ ಅಂತ ಅವರೇ ಹೇಳಿದಾರಲ್ಲ?" ಅಂದರು.

ಎರಡು ಇ-ರಿಕ್ಷಾ ಬಂದವು. ಒಂದರಲ್ಲಿ ಗ್ರೈಂಡರ್ ಮತ್ತು ಇವರು, ಇನ್ನೊಂದರಲ್ಲಿ ಅಕ್ಕಿ, ಉದ್ದು, ಪಾತ್ರೆಗಳ ನಡುವೆ ನಾನು. ನಮ್ಮ ಮೆರವಣಿಗೆ ಅಂಗಡಿ ಮುಂದೆ ಇಳಿದಾಗ ಲಾಲಾಜಿ ಗಲ್ಲಾ ಬಿಟ್ಟು ಬಾಗಿಲಿಗೇ ಓಡಿ ಬಂದರು. ಕೊಟ್ಟ ಮಾತು ನುಂಗುವ ಹಾಗಿಲ್ಲ, ಅಕ್ಕಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದು ನಿಂತಿದ್ದಾರೆ. ಷೋಗೆ ಇಟ್ಟಿದ್ದ ಇನ್ವರ್ಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ನನ್ನ ಗ್ರೈಂಡರಿನ ವೈರನ್ನು ಅದಕ್ಕೆ ಸಿಕ್ಕಿಸಿದರು. ಸ್ವಿಚ್ ಒತ್ತಿದೆ. ಕಲ್ಲು ಗರಗರ ತಿರುಗಿತು!

"ಓಡ್ತು!" ಅಂದೆ.

"ಓಡ್ತು, ಒಪ್ಪಿಕೊಂಡೆ. ನಿಮ್ಮ ರೇಟೇ. ಈಗ ನಿಲ್ಲಿಸಿ, ಬಿಲ್ ಬರೀತೀನಿ," ಅಂದರು ಲಾಲಾಜಿ.

ಈಗ ನಿಲ್ಲಿಸಿದರೆ, ಬಿಲ್ಲು, ಸಾಗಣೆ, ಮನೆಯಲ್ಲಿ ಜೋಡಿಸುವವನು, ಇಷ್ಟೆಲ್ಲ ಆಗುವಷ್ಟರಲ್ಲಿ ಸಂಜೆ. ಹಿಟ್ಟು ಯಾವಾಗ ಹುದುಗು ಬರಬೇಕು? ಆಗ ನಮ್ಮನೆಯವರು ಮುಂದೆ ಬಂದರು. ಜೇಬಿನಿಂದ ಸೋಮವಾರದ ಕೊಟೇಶನ್ ತೆಗೆದು ಬಿಡಿಸಿದರು.

"ಲಾಲಾಜಿ, ಮೂರು ಗಂಟೆ ಬ್ಯಾಕಪ್ ಅಂತ ನೀವೇ ಬರೆದು ಕೊಟ್ಟಿದ್ದೀರಿ. ತಪಾಸಣೆ ಆಗದೆ ಮಾಲು ಒಪ್ಪಿಕೊಳ್ಳೋ ಹಾಗಿಲ್ಲ. ಮೂರು ಗಂಟೆ ಪೂರ್ತಿ ನೋಡಬೇಕು."

ಕುರ್ಚಿ ಎಳೆದುಕೊಂಡು ಕೂತರು, ಗಡಿಯಾರ ಬಿಚ್ಚಿ ಮುಂದಿಟ್ಟರು. ಬೇಕೆಂದೇ ಮಾಡಿದರೋ, ನಿಯಮವೆಂದು ಮಾಡಿದರೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಈ ಮನುಷ್ಯ ನನಗೆ ಅಷ್ಟು ಮುದ್ದಾಗಿ ಯಾವತ್ತೂ ಕಂಡಿರಲಿಲ್ಲ.

ಮೊದಲನೇ ಒಬ್ಬೆ ತೆಗೆದೆ, ಎರಡನೆಯದು ಹಾಕಿದೆ. ಜನ ಕಲ್ಲು ನೋಡಲು ನಿಂತರು. "ಇದರಲ್ಲಿ ಸಿಮೆಂಟ್ ಕಲೆಸ್ತಾರಾ?" ಅಂತ ಒಬ್ಬ ಕೇಳಿದ. "ದೋಸೆ!" ಅಂದೆ. ಲಾಲಾಜಿ ಮಾತ್ರ ಒಂದೊಂದು ಒಬ್ಬೆಗೂ ನನ್ನ ಹತ್ತಿರ ಬಂದು, "ಬೆಹನ್‌ಜಿ, ಇನ್ನೂ ನೂರು ಕಡಿಮೆ ಮಾಡ್ತೀನಿ, ಮುಗಿಸಿ" ಅನ್ನುತ್ತಿದ್ದರು. ನಾಲ್ಕನೇ ಒಬ್ಬೆಗೆ ಬೆಲೆ ನಾನು ಕೇಳಿದ್ದಕ್ಕಿಂತ ಕೆಳಗೆ ಬಂದಿತ್ತು. ಐದು ಮುಗಿಯಿತು. ಆರನೆಯದು ಇನ್ನೇನು ನುಣ್ಣಗಾಗಬೇಕು, ಇನ್ವರ್ಟರ್ ಕೆಂಪು ದೀಪ ಹೊತ್ತಿಸಿಕೊಂಡು ಕುಂಯ್ ಕುಂಯ್ ಅನ್ನತೊಡಗಿತು. ದೇವರೇ, ಇನ್ನೈದು ನಿಮಿಷ, ಇನ್ನೈದೇ ನಿಮಿಷ ಅಂತ ಕೈ ಮುಗಿದೆ. ಕಲ್ಲು ನಿಧಾನವಾಯಿತು, ತೇಲಾಡಿತು, ನಿಂತಿತು. ಬಗ್ಗಿ ಬೆರಳಿಟ್ಟು ನೋಡಿದೆ, ಹಿಟ್ಟು ಬೆಣ್ಣೆಯ ಹಾಗಾಗಿತ್ತು!

"ಮೂರು ಗಂಟೆ ಎರಡು ನಿಮಿಷ. ಪಾಸ್," ಅಂದರು ನಮ್ಮನೆಯವರು.

ಗೆದ್ದ ಅಮಲಿನಲ್ಲಿ ನಾನು ಅಲ್ಲಿಗೂ ನಿಲ್ಲಿಸಲಿಲ್ಲ. "ಇದು ಷೋಗೆ ಇಟ್ಟಿದ್ದ ಪೀಸು, ಬಳಸಿದ್ದು. ಇದನ್ನೇ ಕೊಂಡರೆ ಇನ್ನೂ ಐನೂರು ಕಳೀಬೇಕು," ಅಂದೆ. ಲಾಲಾಜಿ ಯಾಕೋ ತಕ್ಷಣ ಒಪ್ಪಿ, ನಗುನಗುತ್ತಾ ಅದನ್ನೇ ಇ-ರಿಕ್ಷಾಕ್ಕೆ ಏರಿಸಿಕೊಟ್ಟರು.

ಭಾನುವಾರ ದೋಸೆ ಗರಿಗರಿಯಾಗಿ ಬಂತು, ಕಾರ್ಯದರ್ಶಿಯ ಹೆಂಡತಿ ನಾಲ್ಕು ತಿಂದರು, ಅದೆಲ್ಲ ಸರಿ. ಶನಿವಾರ ಸಂಜೆ ನಡೆದದ್ದನ್ನು ಹೇಳಿಬಿಡುತ್ತೇನೆ. ಜೋಡಿಸುವವನು ಬಂದು ಇನ್ವರ್ಟರ್ ಕೂರಿಸಿ ಹೋದ. ಬೀದಿಯಲ್ಲಿ ಕರೆಂಟಿಲ್ಲ, ಮನೆಯಲ್ಲಿ ನಲವತ್ತು ಡಿಗ್ರಿ ಸೆಕೆ. ಮೂವರೂ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆವು. ನಾನು ಹೆಮ್ಮೆಯಿಂದ ಸ್ವಿಚ್ ಒತ್ತಿದೆ. ಫ್ಯಾನ್ ಅಲ್ಲಾಡಲಿಲ್ಲ. ದೀಪವೂ ಇಲ್ಲ. ಕುಂಯ್ ಅನ್ನುವ ಸದ್ದೂ ಇಲ್ಲ. ಕೆಂಡವಾಗಿ ಲಾಲಾಜಿಗೆ ಫೋನ್ ಮಾಡಿದೆ.

"ಏನು ಲಾಲಾಜಿ, ಖಾಲಿ ಡಬ್ಬ ಕೊಟ್ಟು ಕಳಿಸಿದ್ದೀರಿ! ಒಳಗೆ ಏನೂ ಇಲ್ಲ!"

"ಹೇಗಿರುತ್ತೆ ಬೆಹನ್‌ಜಿ?" ಅಂದರು ಲಾಲಾಜಿ, ಜೇನಿನಂಥ ದನಿಯಲ್ಲಿ. "ಒಳಗಿದ್ದದ್ದನ್ನೆಲ್ಲ ಮಧ್ಯಾಹ್ನವೇ ಪಾತ್ರೆಗೆ ತುಂಬಿಕೊಂಡು ಹೋದಿರಲ್ಲ!"