ಅನಾಥನ ಅಮ್ಮ

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಆ ಮೂವತ್ತೈದರ ಬ್ರಹ್ಮಚಾರಿಗೆ ಗೆಳೆಯರು ಇಟ್ಟ ಅಡ್ಡಹೆಸರು 'ಅನಾಥ'. ಹಾಗೆಂದು ಅವನಿಗೆ ಹಿಂದೆಮುಂದೆ ಯಾರೂ ಇಲ್ಲವೆಂದಲ್ಲ. ಗಟ್ಟಿಮುಟ್ಟಾದ ಅಮ್ಮ ಇದ್ದಳು, ಬಾಯಲ್ಲಿ ಅಮ್ಮನಿಗೇನೂ ಕಡಿಮೆಯಿಲ್ಲದ ಅಕ್ಕ ಇದ್ದಳು. ಹೆಸರು ಬಂದದ್ದು ಶನಿವಾರದ ಆಟದಿಂದ.

ಪ್ರತಿ ಶನಿವಾರ ಸಂಜೆ ಐದಕ್ಕೆ ಹಲ್ಲಿನ ಡಾಕ್ಟರು ಕ್ಲಿನಿಕ್ಕಿನ ಬಾಗಿಲು ಹಾಕಿ, ರೋಗಿಗಳು ಕಾಯುವ ಕೋಣೆಯಲ್ಲಿ ಐದು ಜನರನ್ನು ಕೂರಿಸಿಕೊಂಡು ಕತೆಯಾಟ ಆಡಿಸುತ್ತಿದ್ದರು. ಒಬ್ಬೊಬ್ಬರೂ ಒಬ್ಬ ವೀರನನ್ನೋ ಮಾಂತ್ರಿಕನನ್ನೋ ಕಲ್ಪಿಸಿಕೊಂಡು ಅವನಾಗಿ ಮಾತಾಡಬೇಕು. ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ಮಿಕ್ಕಿದ್ದನ್ನೆಲ್ಲ ಡಾಕ್ಟರು ಹೇಳುತ್ತಾರೆ. ಹೊಸ ಆಟ ಶುರುವಾಗುವ ಮೊದಲು ಎಲ್ಲರೂ ತಮ್ಮ ವೀರನ ಪೂರ್ವಕತೆಯನ್ನು ಒಂದು ಪುಟ ಬರೆದು ಕೊಡಬೇಕು. ಡಾಕ್ಟರು ಅದನ್ನು ಓದಿ, ಎಲ್ಲಿ ಮುಟ್ಟಿದರೆ ನೋಯುತ್ತದೋ ಸರಿಯಾಗಿ ಅಲ್ಲಿಗೇ ಕೈ ಹಾಕುತ್ತಿದ್ದರು. ಅಭ್ಯಾಸಬಲ!

ಮೊದಲ ಸಲ ಅವನು ತನ್ನ ವೀರನಿಗೆ ಒಬ್ಬ ಸಾಧು ತಾಯಿಯನ್ನು ಬರೆದಿದ್ದ. ಎರಡನೇ ವಾರವೇ ದರೋಡೆಕೋರರು ಅವಳನ್ನು ಹೊತ್ತೊಯ್ದರು. ಮೂರು ತಿಂಗಳು ಹೆಣಗಾಡಿ, ಕೊನೆಗೆ ಪ್ರಾಣದಂತೆ ಕಾಪಾಡಿಕೊಂಡಿದ್ದ ಮಾಯಾಖಡ್ಗವನ್ನೇ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಅಂದಿನಿಂದ ಅವನು ಮೊದಲ ಸಾಲಿನಲ್ಲೇ ವೀರನ ಬಂಧುಬಳಗವನ್ನೆಲ್ಲ ಸಾಯಿಸಿ ನಿರಾಳವಾಗಿ ಆಡುತ್ತಿದ್ದ.

ಈ ಶನಿವಾರ ಹೊಸ ಆಟ. "ಐದು ಗಂಟೆಗೆ ಪುಟ ನನ್ನ ಕೈಯಲ್ಲಿರ್ಬೇಕು. ಇಲ್ಲಾಂದ್ರೆ ಕುರ್ಚಿ ಬೇರೆಯವರಿಗೆ," ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ವಾರವಿಡೀ ಬೇರೆಯವರ ಕಣ್ಣಿನ ನಂಬರಿನಲ್ಲೇ ಮುಳುಗಿರುವವನಿಗೆ ಆ ಕುರ್ಚಿಯೊಂದೇ ಸುಖ. ಬೆಳಿಗ್ಗೆ ಅಂಗಡಿಯಲ್ಲಿ ಪುರುಸೊತ್ತು ಮಾಡಿಕೊಂಡು ಬರೆಯತೊಡಗಿದ: "ಅಮ್ಮ ಹೋದ ವಾರ ತೀರಿಕೊಂಡಳು. ಅಕ್ಕ ಬೆಂಕಿಗೆ ಸಿಕ್ಕಿದಳು. ಯಾರ ಹತ್ತಿರವೂ ಹೇಳಿಕೊಂಡಿಲ್ಲ. ನನಗಿನ್ನು ಕತ್ತಿಯೇ ಗತಿ."

ಅಷ್ಟರಲ್ಲಿ ಅವನ ಕೆಳಗಿನ ಮನೆಯ ನಿವೃತ್ತ ಟೀಚರಮ್ಮ ಹೊಸ ಕನ್ನಡಕಕ್ಕೆ ಬಂದರು. ಕಿವಿಯ ಹಿಂದೆ ಒತ್ತುತ್ತೆ, ಮೂಗಿನ ಮೇಲೆ ಜಾರುತ್ತೆ ಎಂದು ಅರ್ಧ ಗಂಟೆ ತಲೆ ತಿಂದರು. ತೊಲಗಿದರೆ ಸಾಕೆಂದು ಅವನು ಕೈಗೆ ಸಿಕ್ಕ ಕಾಗದದಲ್ಲಿ ಕನ್ನಡಕ ಸುತ್ತಿ, ಡಬ್ಬಿಗೆ ತುರುಕಿ ಕೊಟ್ಟ.

ಟೀಚರಮ್ಮ ಮನೆಗೆ ಹೋಗಿ, ನಂಬರು ಸರಿಯಿದೆಯೇ ನೋಡೋಣವೆಂದು ಅದೇ ಕಾಗದವನ್ನು ಓದಿದರು. ನಂಬರು ಸರಿಯಾಗಿಯೇ ಇತ್ತು. ಒಂದಕ್ಷರವೂ ಮಸುಕಾಗಲಿಲ್ಲ. ಅವನ ಅಮ್ಮ ಮನೆಯ ಇನ್ನೊಂದು ಕೀಲಿ ಟೀಚರಮ್ಮನ ಕೈಗೆ ಕೊಟ್ಟು ಮಗಳ ಊರಿಗೆ ಹೋಗಿ ಹತ್ತು ದಿನವಾಗಿತ್ತು. ಕಟ್ಟಡದಲ್ಲಿ ಯಾರೂ ಆಕೆಯ ಮುಖ ಕಂಡಿರಲಿಲ್ಲ.

ಮಧ್ಯಾಹ್ನ ಅಂಗಡಿ ಮುಚ್ಚುವಾಗ ಪುಟ ಇಲ್ಲ! ಮೇಜಿನಡಿ, ಕಸದ ಬುಟ್ಟಿ ಎಲ್ಲ ಜಾಲಾಡಿದ ಮೇಲೆ ಅವನಿಗೆ ಟೀಚರಮ್ಮನ ಡಬ್ಬಿ ನೆನಪಾಯಿತು. ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರೆ, ಅವನ ಮನೆಯಲ್ಲೇ ಹನ್ನೆರಡು ಜನ ತಂತಮ್ಮ ಮನೆಯ ಕುರ್ಚಿ ತಂದು ಹಾಕಿಕೊಂಡು ತಲೆ ತಗ್ಗಿಸಿ ಕೂತಿದ್ದರು.

"ಬಾಪ್ಪಾ," ಎಂದು ಟೀಚರಮ್ಮ ಅವನ ಕೈ ಹಿಡಿದುಕೊಂಡರು. "ಇಷ್ಟು ದುಃಖ ಹೊಟ್ಟೆಯಲ್ಲಿಟ್ಕೊಂಡು ನನ್ನ ಮೂಗಿನ ಅಳತೆ ತಗೊಂಡ್ಯಲ್ಲೋ!"

"ಟೀಚರ್, ಆ ಕಾಗದ ಕೊಡಿ. ಅದು ಆಟಕ್ಕೆ ಬರ್ದಿದ್ದು. ಅಮ್ಮ ಚೆನ್ನಾಗಿದಾಳೆ."

"ಹೌದಪ್ಪಾ, ಎಲ್ಲಿದ್ರೂ ಚೆನ್ನಾಗೇ ಇರ್ತಾರೆ," ಎಂದು ಮೇಲಿನ ಮನೆಯ ಟೈಲರ್ ಕಣ್ಣೊರೆಸಿಕೊಂಡ. 'ಕತ್ತಿಯೇ ಗತಿ' ಎಂಬ ಸಾಲಿಗೆ ಹೆದರಿ ಅವನು ಅಡುಗೆಮನೆಯ ಚಾಕು, ಕತ್ತರಿಗಳನ್ನೆಲ್ಲ ಆಗಲೇ ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡಿದ್ದ.

"ನಂಬದಿದ್ರೆ ಅಮ್ಮನ ಹತ್ರಾನೇ ಮಾತಾಡಿ!" ಎಂದು ಅನಾಥ ಫೋನ್ ಮಾಡಿದ. ಸ್ವಿಚ್ ಆಫ್. ಅಕ್ಕನಿಗೆ ಮಾಡಿದ, ಎತ್ತಲಿಲ್ಲ.

"ಅಯ್ಯೋ, ಹೋದೋರಿಗೆ ಫೋನ್ ಮಾಡ್ತಿದಾನೆ," ಎಂದು ಟೀಚರಮ್ಮ ಬಿಕ್ಕಿದರು. "ಇವನನ್ನ ಒಬ್ಬನೇ ಎಲ್ಲೂ ಬಿಡ್ಬೇಡಿ!"

ಬಾಗಿಲಿಗೆ ಇಬ್ಬರು ಅಡ್ಡ ಕೂತರು. ಮೂರಾಯಿತು, ನಾಲ್ಕಾಯಿತು. ಕುರ್ಚಿ ಕೈತಪ್ಪುವುದನ್ನು ನೆನೆದು ಅವನಿಗೆ ನಿಜವಾಗಿಯೂ ಅಳು ಬಂತು. ಅತ್ತರೆ ಹಗುರಾಗುತ್ತದೆಂದು ಎಲ್ಲರೂ ಸಮಾಧಾನಪಟ್ಟರು.

ನಾಲ್ಕೂವರೆಗೆ ಬಸ್ಸಿಳಿದು ಬಂದ ಅಮ್ಮ, ಚೀಲ ಕೆಳಗಿಟ್ಟು, ಬಾಗಿಲ ಹತ್ತಿರವಿದ್ದ ಟೈಲರನ ಬೆನ್ನ ಹಿಂದೆ ಬಗ್ಗಿ ಮೆಲ್ಲಗೆ ಕೇಳಿದಳು: "ಯಾರು ಹೋಗಿದ್ದು?"

"ಈ ಮನೆ ಅಮ್ಮ," ಎಂದವನು ತಿರುಗಿ ನೋಡಿ, ಚಾಕುಗಳ ಗಂಟನ್ನು ಕೈಬಿಟ್ಟ.

ಗಲಾಟೆಯೆಲ್ಲ ತಣ್ಣಗಾದ ಮೇಲೆ ಅಮ್ಮ ಟೀಚರಮ್ಮನ ಕನ್ನಡಕವನ್ನೇ ಇಸಕೊಂಡು ಕಾಗದ ಓದಿದಳು. "ಅಕ್ಕನಿಗಾದ್ರೆ ಬೆಂಕಿ. ನನಗೆ ಬರೀ 'ತೀರಿಕೊಂಡಳು'! ಒಂದು ಸಾವಾದ್ರೂ ನೆಟ್ಟಗೆ ಬರೀಬಾರ್ದಿತ್ತಾ?"

"ಬದುಕಿಸಿದ್ರೆ ಡಾಕ್ಟರು ನಿನ್ನ ಹೊತ್ಕೊಂಡು ಹೋಗ್ತಾರಮ್ಮಾ!"

"ಯಾವನವನು ಡಾಕ್ಟರು? ನಡಿ, ನಾನೂ ನೋಡ್ತೀನಿ," ಎಂದು ಅಮ್ಮ ಕಾಗದ ಮಡಚಿ ಪರ್ಸಿಗೆ ಹಾಕಿಕೊಂಡಳು.

ದಾರಿಯುದ್ದಕ್ಕೂ ಮಗ ಆಟದ ರೀತಿಯನ್ನೂ ಹಳೆಯ ಮಾಯಾಖಡ್ಗದ ಕತೆಯನ್ನೂ ಹೇಳಿದ. ಕ್ಲಿನಿಕ್ ತಲುಪಿದಾಗ ಸರಿಯಾಗಿ ಐದು. "ಪುಟ?" ಎಂದರು ಡಾಕ್ಟರು.

"ಅದು ನಾನು ಸತ್ತಿರೋ ಕಾಗದ. ಕೊಡಲ್ಲ," ಎಂದಳು ಅಮ್ಮ.

"ಹಾಗಾದ್ರೆ ಇವನಿಗೆ ಕುರ್ಚಿ ಇಲ್ಲ."

"ಖಾಲಿ ಇದೆ ತಾನೇ? ನಾನು ಕೂತ್ಕೋತೀನಿ. ಬಸ್ಸಲ್ಲಿ ನಿಂತೂ ನಿಂತೂ ಕಾಲು ಬಿದ್ದುಹೋಗಿದೆ. ಒಂದು ಪೆನ್ ಕೊಡಿ."

ಐದೇ ನಿಮಿಷದಲ್ಲಿ ಬರೆದು ಕೊಟ್ಟಳು. ಡಾಕ್ಟರು ಗಟ್ಟಿಯಾಗಿ ಓದಿದರು: "ನಾನು ವಿಧವೆ. ಒಬ್ಬ ಮಗ ಇದ್ದ. ಬುದ್ಧಿ ಸಾಲದು, ಆದರೂ ಮುದ್ದಾಗಿ ಸಾಕಿದ್ದೆ. ಹೋದ ವಾರ ಬೆಂಕಿಗೆ ಸಿಕ್ಕಿದ. ನನಗಿನ್ನು ಈ ಮಾಯಾಖಡ್ಗವೇ ಗತಿ." ಮೇಜಿನ ಸುತ್ತ ಚಪ್ಪಾಳೆ ಬಿತ್ತು.

ಹುಳುಕು ಹಲ್ಲು ಕಂಡವರಂತೆ ಡಾಕ್ಟರ ಕಣ್ಣು ಹೊಳೆಯಿತು. "ಮಗ ಸತ್ತಿಲ್ಲ! ದರೋಡೆಕೋರರು ಗುಹೆಯಲ್ಲಿ ಕಟ್ಟಿ ಹಾಕಿದಾರೆ," ಎಂದು ಅನಾಥನಿಗೆ ಮೂಲೆಯ ಬೆಂಚು ತೋರಿಸಿದರು. "ನೀನೇ ಆ ಮಗ. ಬಿಡಿಸೋವರೆಗೂ ಅಲ್ಲಿ ಕೂತಿರು. ಮಾತಾಡೋ ಹಾಗಿಲ್ಲ."

ಅಂತೂ ಆಟದಲ್ಲಿ ಜಾಗ ಸಿಕ್ಕಿತಲ್ಲ! ಅವನು ಖುಷಿಯಾಗಿ ಹೋಗಿ ಕೂತ.

"ಈಗ ಹೇಳಿ ಅಮ್ಮಾ," ಎಂದರು ಡಾಕ್ಟರು. "ಖಡ್ಗ ಕೊಟ್ರೆ ಮಗನನ್ನ ಬಿಡ್ತಾರಂತೆ. ಏನ್ಮಾಡ್ತೀರಿ?"

ಇದೇ ಮೇಜಿನಲ್ಲಿ, ಇದೇ ಪ್ರಶ್ನೆಗೆ, ಹಿಂದೊಮ್ಮೆ ತಾನು ಕೊಟ್ಟ ಉತ್ತರ ಅವನಿಗೆ ನೆನಪಾಯಿತು. ಆಸೆಯಿಂದ ಅಮ್ಮನತ್ತ ನೋಡಿದ.

ಅಮ್ಮ ಯೋಚಿಸಿದಳು. "ಗುಹೆಯಲ್ಲಿ ಊಟ ಹಾಕ್ತಾರಾ?"

"ಎರಡು ಹೊತ್ತು."

"ಹಾಗಾದ್ರೆ ಅಲ್ಲೇ ಇರ್ಲಿ ಬಿಡಿ," ಎಂದು ಅಮ್ಮ ದಾಳ ಕೈಗೆತ್ತಿಕೊಂಡಳು. "ಕತ್ತಿ ಕೊಡಲ್ಲ."

ಮೂಲೆಯ ಬೆಂಚಿನ ಮೇಲೆ ಅನಾಥ, ಅಂದು ಮೊದಲ ಸಲ, ಹೆಸರಿಗೆ ತಕ್ಕ ಹಾಗೆ ಕೂತಿದ್ದ.