ವೆಂಕಣ್ಣನವರ ಗದೆ

ಕನ್ನಡ ಸಂಘದ ಸೆಕ್ರೆಟರಿ ಲಕ್ಷ್ಮಣನ್ ವಾಟ್ಸಾಪಿನಲ್ಲಿ ಕಳಿಸಿದ್ದು ಒಂದೇ ಸಾಲು, ಅದೂ ತಮಿಳಿನಲ್ಲಿ. ಭಾನುವಾರ ಸಂಘದ ಹಾಲ್‌ನಲ್ಲಿ ವೆಂಕಣ್ಣನವರ ಫೋಟೋ ಹಾಕ್ತೀವಿ, ಬರುವಾಗ ತಾತನ ಗದೆ ತನ್ನಿ ಅಂತ. ಹಾಗಂತ ಹೃಷೀಕೇಶ ಓದಿಕೊಂಡ. ಸೇಲಂನಲ್ಲೇ ಹುಟ್ಟಿ, ಮನೇಲಿ ಕನ್ನಡ, ಸ್ಕೂಲಲ್ಲಿ ತಮಿಳು ಅಂತ ಬೆಳೆದ ಆಸಾಮಿಗೆ ಒಂದು ಸಾಲು ಓದೋಕೆ ಬರಲ್ವೇ?

ವೆಂಕಣ್ಣ ಅವನ ತಾತ. ನಾಟಕದ ಕಂಪನಿ ಜೊತೆ ಊರೂರು ಸುತ್ತಿ, ಆಮೇಲೆ ಸೇಲಂನ ಸ್ಟುಡಿಯೋದಲ್ಲಿ ಪುರಾಣದ ಪಿಚ್ಚರಿಗೆ ಬಣ್ಣ ಹಚ್ಚಿದವರು. ಪಾರ್ಟು ಅಂತಿಂಥದ್ದಲ್ಲ, ರಾಕ್ಷಸರಾಜ. ರೀಲು ಎಂದೋ ಹಾಳಾಗಿತ್ತು, ಜಂಬ ಮಾತ್ರ ಉಳಿದಿತ್ತು. ಹೆಣ್ಣು ನೋಡೋಕೆ ಕಾರಿಮಂಗಲಕ್ಕೆ ಹೋದಾಗ ಮನೆಯವರು ಕೊಚ್ಚಿಕೊಂಡದ್ದೂ ಅದನ್ನೇ. ಮದುವೆಯಾಗಿ ಹದಿನೆಂಟು ವರ್ಷ, ಹೆಂಡತಿ ಭಾಮಾ ಯಾವ ಜಗಳ ಗೆದ್ದರೂ ಕೊನೆಗೆ ಇವನದು ಒಂದೇ ಮಾತು: "ನಾವು ರಾಕ್ಷಸರಾಜನ ವಂಶ ಕಣೇ." ಅವಳ ತಮ್ಮ ಸುಧೀಂದ್ರ ಮಾತ್ರ ಹಲ್ಲು ಕಿರಿದು ಪ್ರೂಫ್ ಕೇಳುತ್ತಿದ್ದ. ಇವತ್ತು ಭಾನುವಾರ, ಸಂಘಕ್ಕೆ ಮಾವನ ಮನೆಯವರೆಲ್ಲ ಬರುವವರಿದ್ದರು. ಪ್ರೂಫು ಅಟ್ಟದ ಮೇಲಿತ್ತು.

ಮರದ ಗದೆ, ಕುಂಬಳಕಾಯಿಯಷ್ಟು ತಲೆ. ಆಟೋದವನು ನೋಡಿದವನೇ ಗಾಡಿ ತಿರುಗಿಸಿದ. ಭಾಮಾ ತವರಿನವರ ಕಾರು ಹತ್ತಿ ಮುಂದೆ ಹೋದಳು, ಇವನು ಟೌನ್ ಬಸ್ಸು ಹತ್ತಿದ. ಒಬ್ಬಳು ಮುದುಕಿ ಗದೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇನ್ನೊಬ್ಬಳು ಕುಂಕುಮ ಹಚ್ಚಿದಳು. ಬ್ರೇಕು ಬಿದ್ದಾಗ ಗದೆ ಹೋಗಿ ಒಬ್ಬ ದಪ್ಪ ಮೇಷ್ಟರ ಹೊಟ್ಟೆಗೆ ಗುದ್ದಿತು. ಬೈಯೋಕೆ ಬಾಯಿ ತೆಗೆದ ಮೇಷ್ಟರು ಕುಂಕುಮ ಕಂಡು ಕೈಮುಗಿದರು. ಕಂಡಕ್ಟರಂತೂ ಭಕ್ತಿ ಉಕ್ಕಿ, ಎರಡು ಸ್ಟಾಪ್ ಮೊದಲೇ ಆಂಜನೇಯನ ಗುಡಿ ಮುಂದೆ ಇವನನ್ನು ಇಳಿಸಿಯೇ ಬಿಟ್ಟ. ಅಲ್ಲಿಂದ ಹೆಗಲ ಮೇಲೆ ಗದೆ ಹೊತ್ತು, ಬೆವರು ಸುರಿಸುತ್ತ ನಡೆದ.

ಹಾಲ್‌ನ ಬಾಗಿಲಲ್ಲೇ ಲಕ್ಷ್ಮಣನ್ ಹಣೆ ಚಚ್ಚಿಕೊಂಡರು. "ಇದ್ಯಾಕೆ ಸಾರ್ ತಂದ್ರಿ? ನಾನು ಕೇಳಿದ್ದು ತಾತನ ಕತೆ!"

ತಮಿಳಿನಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ತ-ದ ಎರಡಕ್ಕೂ ಒಂದೇ. ಕತೆ ಬರೆದರೂ ಗದೆ ಬರೆದರೂ ಕಣ್ಣಿಗೆ ಕಾಣೋದು 'ಕದೈ'. ಸಂಘದವರಿಗೆ ಆ ಪಿಚ್ಚರಿನ ಹಳೇ ಪಾಟ್ಟು ಪುಸ್ತಕ, ಅಂದರೆ ಹಾಡಿನ ಪುಸ್ತಕ, ಸಿಕ್ಕಿತ್ತು. ಅದರಲ್ಲಿ 'ಕದೈ – ವೆಂಕಣ್ಣ' ಅಂತ ಅಚ್ಚಾಗಿತ್ತು. ಕತೆ ಬರೆದ ಮಹನೀಯರು ಅಂತಲೇ ಈ ಫೋಟೋ ಮರ್ಯಾದೆಯಂತೆ.

ಹೃಷೀಕೇಶ ಒಂದು ಗಳಿಗೆ ತಬ್ಬಿಬ್ಬಾದ. ಮರುಗಳಿಗೆ ವೇದಿಕೆ ಹತ್ತಿ ಮೈಕು ಹಿಡಿದು, ರಾಕ್ಷಸರಾಜನೂ ತಾತನೇ, ಕತೆ ಬರೆದವರೂ ತಾತನೇ ಅಂತ ಸಾರಿಬಿಟ್ಟ. ಮುಂದಿನ ಸಾಲಲ್ಲಿ ಸುಧೀಂದ್ರನ ಮುಖ ಸಪ್ಪಗಾದದ್ದು ಕಂಡು ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಗ ವೇದಿಕೆ ಮೇಲೆ ನಂಗವಳ್ಳಿಯ ಚೆಲ್ಲಮ್ಮ ಕಿಸಕ್ಕನೆ ನಕ್ಕರು. ಅದೇ ಪಿಚ್ಚರಿನಲ್ಲಿ ಕಡೇ ಸಾಲಲ್ಲಿ ಕುಣಿದಿದ್ದ ಮುದುಕಿ, ಇವತ್ತಿನ ಮುಖ್ಯ ಅತಿಥಿ.

"ಕತೆ ಯಾವ್ದು, ರಾಜ ಯಾವ್ನು? ರಾಕ್ಷಸರಾಜ ಆಗಿದ್ದೋನು ಬೇರೆ. ಅವ್ನಿಗೆ ತೋಳ್ನೋವು. ಸೀನ್ ಮುಗಿದೇಟ್ಗೆ ಗದೆ ನಮ್ಮ ಎಂಕಣ್ಣನ ಕೈಗೆ ಕೊಟ್ಟು ಕಾಪಿ ಕುಡಿಯಾಕೆ ಓಗೋನು. ಇವ್ನು ಇಡ್ಕಂಡು ಇಂದೆ ನಿಂತ್ಕಳೋನು. ಬುಕ್ನಾಗೆ ಸರ್ಯಾಗೇ ಐತಲ್ಲ, ಗದೆ ಎಂಕಣ್ಣ ಅಂತ."

ಹಾಲಿಗೆ ಹಾಲೇ ನಕ್ಕಿತು. ಮೊಳೆ ಹೊಡೆದಾಗಿತ್ತು ಅಂತ ಫೋಟೋ ಏನೋ ಹಾಕಿದರು. ಸುಧೀಂದ್ರ ಗದೆ ಕಿತ್ತುಕೊಂಡು ಮೀಸೆ ತಿರುವಿ ನಿಂತ, ಎಲ್ಲರೂ ಸೆಲ್ಫಿಗೆ ಮುತ್ತಿದರು. ಊಟಕ್ಕೆ ಎಲೆ ಹಾಕಿದ ಮೇಲೆ ಅವನು, "ಭಾವ, ಒಂಚೂರು ಇಟ್ಕೊಂಡಿರಿ" ಅಂತ ಗದೆ ಕೊಟ್ಟು ಹೋದ. ಹೃಷೀಕೇಶನಿಗೆ ಸಿಕ್ಕಿದ್ದು ಮೂರನೇ ಪಂಕ್ತಿ, ಪಾಯಸ ಮುಗಿದಿತ್ತು.

ಸಾಯಂಕಾಲ ಲಕ್ಷ್ಮಣನ್ ಗ್ರೂಪಿಗೆ ಇವತ್ತಿನ ಫೋಟೋ ಹಾಕಿದರು. ಕೆಳಗೆ ತಮಿಳಿನಲ್ಲಿ, 'ರಾಕ್ಷಸರಾಜ – ಸುಧೀಂದ್ರ. ಕದೈ – ಹೃಷೀಕೇಶ.'

ಪಕ್ಕದ ಮನೆ ಅಂಜಮ್ಮ ಫೋನು ಹಿಡಿದು ಓಡಿಬಂದರು. "ಸಾರ್, ಕತೆ ನೀವು ಬರೆದಿದ್ದಾ? ಹೇಳಲೇ ಇಲ್ಲ."

ಹೃಷೀಕೇಶ ಎದೆಯುಬ್ಬಿಸಿ, ಗಂಟಲು ಸರಿಮಾಡಿಕೊಂಡು, ಇನ್ನೇನು ಹೂಂ ಅನ್ನಬೇಕು.

ಅಡುಗೆಮನೆಯಿಂದ ಭಾಮಾ ಹೇಳಿದಳು, "ಅಂಜಮ್ಮ, ಅದನ್ನ 'ಗ' ಅಂತ ಓದ್ಕೊಳ್ಳಿ."