ಸೊನ್ನೆಯಲ್ಲಿ ಅರ್ಧ ಕಳೆಯುವ ಬಗೆ

ಗೆ,
ಮುಖ್ಯಾಧಿಕಾರಿಗಳು,
ಪ್ಲಾಸ್ಟಿಕ್ ಇಳಿಕೆ ವಿಭಾಗ, ನಗರ ಕಚೇರಿ, ಮೂರನೇ ಮಹಡಿ.

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ವಿಭಾಗದ ಆರೋಗ್ಯ ಮತ್ತು ತಮ್ಮ ಕಂಪ್ಯೂಟರಿನ ಆರೋಗ್ಯ ಚೆನ್ನಾಗಿರಲೆಂದು ಹಾರೈಸುತ್ತಾ ಈ ಪತ್ರವನ್ನು ಆರಂಭಿಸುತ್ತೇನೆ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದ ಮೂರು ಪತ್ರಗಳೂ 'ಸ್ವೀಕರಿಸಲಾಗಿದೆ' ಎಂಬ ಮುದ್ರೆ ಹೊತ್ತು ನನ್ನ ಬಳಿಗೇ ಹಿಂದಿರುಗಿದವು.

ವಿಷಯ, ಹಳೆಯ ಮಾರುಕಟ್ಟೆಯ ಹದಿನೇಳನೇ ಮಳಿಗೆಯದು. ಅದನ್ನು ಇಪ್ಪತ್ತಾರು ವರ್ಷಗಳಿಂದ ನಡೆಸುತ್ತಿರುವವರು ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ. ಅಲ್ಲಿ ಎಣ್ಣೆ, ಅಕ್ಕಿ, ಕಾಳು, ಸಕ್ಕರೆ, ಸೋಪಿನ ಪುಡಿ ಸಿಗುತ್ತವೆ. ಅವನ್ನು ತುಂಬಿಕೊಂಡು ಹೋಗಲು ಏನೂ ಸಿಗುವುದಿಲ್ಲ. ಡಬ್ಬಿಯೋ ಬಟ್ಟೆಯ ಚೀಲವೋ ಗಿರಾಕಿಯೇ ತರಬೇಕು. ಮೊದಲ ಸಲ ತಂದ ಡಬ್ಬಿಯನ್ನು ಭಾವ ಖಾಲಿಯಿರುವಾಗಲೇ ತಕ್ಕಡಿಯಲ್ಲಿಟ್ಟು, ಅದರ ತೂಕವನ್ನು ಸಣ್ಣ ಕುಂಚದಿಂದ ತಳದಲ್ಲಿ ಬಿಳಿ ಬಣ್ಣದಲ್ಲಿ ಬರೆಯುತ್ತಾರೆ; ಮುಂದಿನ ಸಲದಿಂದ ಅಷ್ಟನ್ನು ಕಳೆದು ತೂಗುತ್ತಾರೆ. ಜನರ ಹೆಸರಿಗಿಂತ ಈ ಸಂಖ್ಯೆಗಳೇ ಅವರಿಗೆ ಚೆನ್ನಾಗಿ ನೆನಪು. ನಾನೂರ ಹನ್ನೆರಡಕ್ಕೆ ಮಂಡಿ ನೋವು ಹೆಚ್ಚಾಗಿದೆಯಂತೆ ಎಂದು ಊಟಕ್ಕೆ ಕೂತಾಗ ಅವರು ಹೇಳಿದರೆ, ಯಾರಿಗೆಂದು ಅಕ್ಕ ಕೇಳುವುದಿಲ್ಲ.

ಹೀಗಿರುವಲ್ಲಿ ತಮ್ಮ ಆದೇಶ ಬಂತು. ಮಾರುಕಟ್ಟೆಯ ಪ್ರತಿ ಮಳಿಗೆಯೂ ಕಳೆದ ವರ್ಷ ಬಳಸಿದ ಪ್ಲಾಸ್ಟಿಕ್ಕಿನಲ್ಲಿ ಅರ್ಧದಷ್ಟನ್ನು ಈ ವರ್ಷ ಇಳಿಸಬೇಕು, ಇಳಿಸಿದವರ ಪರವಾನಗಿ ಮಾತ್ರ ಮುಂದುವರಿಯುತ್ತದೆ ಎಂಬ ಆ ಆದೇಶ ಕೇಳಿ ಭಾವನಿಗೆ ಎಷ್ಟು ಸಂತೋಷವಾಯಿತೆಂದರೆ, ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಅರ್ಜಿ ತುಂಬುವ ಕೆಲಸವೂ, ಕೈಬರಹ ಚೆನ್ನಾಗಿದೆಯೆಂಬ ಕಾರಣಕ್ಕೆ, ನನಗೇ ಬಂತು. ಕಳೆದ ವರ್ಷದ ಬಳಕೆ ಎಂಬಲ್ಲಿ ಸೊನ್ನೆ ಬರೆದೆ. ಈ ವರ್ಷದ ಬಳಕೆ ಎಂಬಲ್ಲೂ ಸೊನ್ನೆ ಬರೆದೆ. ನಾನು ಈವರೆಗೆ ಮಾಡಿದ ತಪ್ಪುಗಳಲ್ಲಿ ಇಷ್ಟು ದುಂಡಾಗಿ ಮೂಡಿಬಂದದ್ದು ಇನ್ನೊಂದಿಲ್ಲ.

ತಮ್ಮ ಉತ್ತರ ಹನ್ನೊಂದೇ ದಿನಕ್ಕೆ ಬಂತು: 'ಇಳಿಕೆ ಕಂಡುಬಂದಿಲ್ಲ. ತಿಂಗಳ ಕೊನೆಗೆ ಮಳಿಗೆಯನ್ನು ತೆರವು ಮಾಡತಕ್ಕದ್ದು.' ಇದರಲ್ಲಿ ಒಂದಕ್ಷರವೂ ಸುಳ್ಳಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಅಕ್ಕ ಮಾತ್ರ ಅದನ್ನು ಓದಿ ಮಡಚಿಟ್ಟು, "ನಿನ್ನ ಅಕ್ಷರ ಚೆನ್ನಾಗಿದೆ ಅಂತ ಕೊಟ್ಟಿದ್ದು ಕಣೇ. ನಿನ್ನ ಪ್ರಾಮಾಣಿಕತೆ ಯಾರು ಕೇಳಿದ್ರು?" ಎಂದಳು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ.

ಪಕ್ಕದ ಹದಿನೆಂಟನೇ ಮಳಿಗೆಯವರನ್ನು ತಾವು ವೇದಿಕೆಗೆ ಕರೆದು ಸನ್ಮಾನಿಸಿದ್ದು ಅತ್ಯಂತ ಸೂಕ್ತವಾಗಿತ್ತು. ಮಾರುಕಟ್ಟೆಯವರು ಅವರನ್ನು ಪೊಟ್ಟಣದ ಸಾಹುಕಾರರು ಎನ್ನುತ್ತಾರೆ. ಬಿಸ್ಕತ್ತಿಗೊಂದು ಹೊದಿಕೆ, ಆ ಹೊದಿಕೆಗೊಂದು ಪೊಟ್ಟಣ, ಆ ಪೊಟ್ಟಣಕ್ಕೊಂದು ಚೀಲ ಎಂದು ವರ್ಷಕ್ಕೆ ಆರುನೂರು ಕಿಲೋ ಪ್ಲಾಸ್ಟಿಕ್ ಬಳಸುತ್ತಿದ್ದವರು ಈಗ ಮುನ್ನೂರಕ್ಕೆ ಇಳಿದಿದ್ದಾರೆ. ಇಳಿಯಬೇಕಾದರೆ ಮೊದಲು ಏರಿರಬೇಕು ಎಂಬ ದೂರದೃಷ್ಟಿ ಅವರಿಗಿತ್ತು. ಭಾವನಿಗೆ ಇಪ್ಪತ್ತಾರು ವರ್ಷಗಳಲ್ಲಿ ಒಂದು ದಿನವೂ ಅದು ಹೊಳೆಯಲಿಲ್ಲ. ಸಾಹುಕಾರರು ಕೆಟ್ಟವರಲ್ಲ. ನನ್ನ ಹಳೆಯ ಲೆಕ್ಕದಿಂದ ಐವತ್ತು ಕಿಲೋವನ್ನು ಹದಿನೇಳನೇ ಮಳಿಗೆಯ ಹೆಸರಿಗೆ ಬರೆದುಕೊಳ್ಳಿ ಎಂದು ತಾವಾಗಿಯೇ ಬಂದು ಹೇಳಿದರು. ಭಾವ ಅವರಿಗೆ ಚಹಾ ತರಿಸಿಕೊಟ್ಟು, ಲೋಟ ಖಾಲಿಯಾದ ಮೇಲೆ ಒಂದೇ ಮಾತು ಹೇಳಿದರು: "ಹಿಡಿದೇ ಇಲ್ಲದ್ದನ್ನ ಬಿಟ್ಟೆ ಅಂತ ಹ್ಯಾಗೆ ಬರ್ಸೋದು ಸಾಹುಕಾರ್ರೇ?"

ಪುನರ್‌ಪರಿಶೀಲನೆಗೆಂದು ತಮ್ಮ ತಪಾಸಣಾಧಿಕಾರಿಗಳು ಬಂದದ್ದನ್ನೂ ಕೃತಜ್ಞತೆಯಿಂದ ನೆನೆಯಬೇಕು. ಇಡೀ ಮಳಿಗೆಯಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಒಂದು ಪ್ಲಾಸ್ಟಿಕ್ ವಸ್ತು: ಮಳೆಗೆ ನೆನೆಯದಿರಲೆಂದು ತಮ್ಮ ನೋಟಿಸನ್ನು ಹಾಕಿ ಕಳಿಸಿದ್ದ ಕವರು. ಅಂಥದ್ದನ್ನು ಎಲ್ಲಿ ಬಿಸಾಡಬೇಕೆಂದು ತಿಳಿಯದೆ ಭಾವ ಅದನ್ನು ಮೊಳೆಗೆ ಸಿಕ್ಕಿಸಿದ್ದರು. ಅಧಿಕಾರಿಗಳು ಅಂದಾಜಿನಲ್ಲಿ ಹತ್ತು ಗ್ರಾಂ ಎಂದು ಬರೆಯಹೊರಟಾಗ, ತೂಕದಲ್ಲಿ ಅಂದಾಜು ಸರಿಯಲ್ಲವೆಂದು ಭಾವ ತಾವೇ ತೂಗಿಕೊಟ್ಟರು. ಎಂಟು ಗ್ರಾಂ. 'ಬಳಕೆಯಲ್ಲಿ ಏರಿಕೆ' ಎಂದು ವರದಿಯಾಯಿತು.

ಎಂಟರಿಂದ ಸೊನ್ನೆಗೆ ಇಳಿದರೆ ಅದು ನೂರಕ್ಕೆ ನೂರು ಇಳಿಕೆಯಲ್ಲವೇ ಎಂದು ನಾನು ಆ ಕವರನ್ನು ಹಿಂದಿರುಗಿಸಲು ತಮ್ಮ ಕಚೇರಿಗೆ ಓಡಿಬಂದೆ. ತಮ್ಮ ವಿಭಾಗ ಪೂರ್ಣ ಪ್ಲಾಸ್ಟಿಕ್‌ಮುಕ್ತವಾದ್ದರಿಂದ ಒಳಗೆ ಪ್ಲಾಸ್ಟಿಕ್ ತರುವಂತಿಲ್ಲವೆಂದು ಬಾಗಿಲಲ್ಲೇ ತಡೆದರು. ಅಲ್ಲಿದ್ದ ಗುಮಾಸ್ತರು ನನ್ನ ಮೇಲೆ ಕನಿಕರಪಟ್ಟು, ಮೊದಲು ಸ್ವಲ್ಪ ದಿನ ಬಳಸಿ, ಆಮೇಲೆ ಬಿಡಿ, ಕಂಪ್ಯೂಟರ್ ಒಪ್ಪುತ್ತದೆ ಎಂದರು. ಭಾವನನ್ನು ಒಪ್ಪಿಸಲು ಅಕ್ಕ ಎರಡು ದಿನ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಕೊನೆಗೆ ಅವರು ಒಂದು ಕಿಲೋ ಪ್ಲಾಸ್ಟಿಕ್ ಚೀಲ ತಂದು, ಸೋಮವಾರ ಬೆಳಿಗ್ಗೆ ಮೊದಲನೆಯದರ ಬಾಯಿ ಬಿಡಿಸಲಾರದೆ ಬೆರಳುಗಳನ್ನು ಉಜ್ಜುತ್ತಾ ನಿಂತರು. ಅಷ್ಟರಲ್ಲಿ ಬಂದ ದರ್ಜಿಯಮ್ಮ ಅದನ್ನು ನೋಡಿ, "ಏನಣ್ಣ, ಮೈಗೆ ಹುಷಾರಿಲ್ವಾ?" ಎಂದು ವಿಚಾರಿಸಿ, ಕೈಯಲ್ಲಿದ್ದ ಡಬ್ಬಿಯನ್ನೇ ಮುಂದೆ ಚಾಚಿದರು. ಗುರುವಾರದವರೆಗೆ ಒಬ್ಬರೂ ಚೀಲ ತೆಗೆದುಕೊಳ್ಳಲಿಲ್ಲ. ಚೀಲಗಳ ವಿಷಯದಲ್ಲಿ, ಗಿರಾಕಿ ಕೊಂಡೊಯ್ದದ್ದನ್ನು ಮಾತ್ರ ಬಳಕೆಯೆಂದು ಪರಿಗಣಿಸಲಾಗುವುದೆಂದು ತಮ್ಮ ನಿಯಮ ಹೇಳುತ್ತದೆ. ಇಷ್ಟು ವರ್ಷ ಭಾವ ಜನರಿಗೆ ಹಿಡಿಸಿದ ಅಭ್ಯಾಸವೇ ಈಗ ಅವರಿಗೆ ಉರುಳಾಗಿದೆ.

ಆದ್ದರಿಂದ ತಮ್ಮಲ್ಲಿ ಸವಿನಯ ಕೋರಿಕೆ: ದಯಮಾಡಿ ಒಬ್ಬ ಸಮರ್ಥ ಅಧಿಕಾರಿಯನ್ನು ಕಳೆದ ವರ್ಷಕ್ಕೆ ಕಳಿಸಿ, ಅಲ್ಲಿ ಹದಿನೇಳನೇ ಮಳಿಗೆಯ ಗಿರಾಕಿಗಳಿಗೆಲ್ಲ ಪ್ಲಾಸ್ಟಿಕ್ ಚೀಲ ಹಂಚಿಸಿ, ಸಂಜೆಯೊಳಗೆ ಹಿಂದಿರುಗುವಂತೆ ಆದೇಶಿಸಬೇಕು. ಪ್ರಯಾಣಭತ್ಯೆಯ ತೊಡಕಿದ್ದರೆ, ಸೊನ್ನೆಯಲ್ಲಿ ಅರ್ಧ ಕಳೆದರೆ ಎಷ್ಟು ಉಳಿಯುತ್ತದೆಂದು ತಮ್ಮ ಕಂಪ್ಯೂಟರಿಗೆ ಯಾರಾದರೂ ಬಿಡುವಿನಲ್ಲಿ ಹೇಳಿಕೊಡಬೇಕು. ಅದೂ ಆಗದಿದ್ದರೆ ತಾವೇ ಒಂದು ಗಂಟೆ ಬಂದು ಮಳಿಗೆಯ ಮುಂದೆ ನಿಲ್ಲಬೇಕು, ಕುರ್ಚಿ ಕೊಡುತ್ತೇವೆ.

ತಿಂಗಳ ಕೊನೆಗೆ ಇನ್ನು ಒಂಬತ್ತು ದಿನಗಳಿವೆ. ನಿನ್ನೆ ಹೊಸದಾಗಿ ಮನೆ ಹೂಡಿದ ಇಬ್ಬರು ಒಂದು ಹೊಸ ಡಬ್ಬಿ ತಂದಿದ್ದರು. ಇನ್ನೆಷ್ಟು ಸಲ ತುಂಬಿಕೊಡಬಲ್ಲೆನೆಂದು ಗೊತ್ತಿದ್ದೂ ಭಾವ ಅದನ್ನು ತೂಗಿ, ಒರೆಸಿ, ಕುಂಚ ಹಿಡಿದು ತಳದಲ್ಲಿ ತೂಕ ಬರೆದು, ಒಣಗುವವರೆಗೆ ಕೈಯಲ್ಲೇ ಹಿಡಿದುಕೊಂಡು ನಿಂತರು. ಇದನ್ನು ಯಾವ ಅರ್ಜಿಯ ಯಾವ ಸಾಲಿನಲ್ಲಿ ಬರೆಯಬೇಕೆಂದು ನನಗೆ ತಿಳಿಯಲಿಲ್ಲ; ತಮಗೆ ತಿಳಿದಿರಬಹುದೆಂದು ಇಲ್ಲಿ ಬರೆದಿದ್ದೇನೆ.

ಇನಿತೂ ಇಳಿಕೆ ಕಾಣದ ಗೌರವದೊಂದಿಗೆ,
ತಮ್ಮ ವಿಶ್ವಾಸಿ,
ಅರ್ಜಿ ತುಂಬಿದವಳು

ತಾ.ಕ.: ತಮ್ಮ ತಾಯಿಯವರು ಹದಿನಾಲ್ಕು ವರ್ಷಗಳಿಂದ ಹದಿನೇಳನೇ ಮಳಿಗೆಯಲ್ಲೇ ಎಣ್ಣೆ ತುಂಬಿಸಿಕೊಳ್ಳುತ್ತಾರೆ, ಮಗ ನಗರ ಕಚೇರಿಯ ಮೂರನೇ ಮಹಡಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆಂದು ಮಾರುಕಟ್ಟೆಗೆಲ್ಲ ಹೇಳಿದ್ದಾರೆ. ಮೊನ್ನೆ ಮಳಿಗೆಯ ಗೋಡೆಗೆ ಈಗ ಅಂಟಿಸಿರುವ ತೆರವಿನ ನೋಟಿಸನ್ನು ನೋಡಿ, ಕನ್ನಡಕ ತಂದಿಲ್ಲ, ಇದಕ್ಕೆ ಸಹಿ ಹಾಕಿದವನು ಯಾವನು ಎಂದು ಕೇಳಿದರು. ಭಾವ ಮಾತು ಬದಲಿಸಿದರು. ಶನಿವಾರ ಅವರು ಮತ್ತೆ ಬರುತ್ತಾರೆ. ಶನಿವಾರ ಭಾವ ಗಾಣಕ್ಕೆ ಹೋಗುವುದರಿಂದ ಮಳಿಗೆಯಲ್ಲಿ ಕೂರುವವಳು ನಾನು.